ಮೊದಲು ಊಟ, ಆಮೇಲೆ ಬ್ಯಾಗು

ಚಾರಣ ಅಂದ ಕೂಡಲೇ ಎಲ್ಲರೂ ಬ್ಯಾಗು, ಶೂ ನೋಡಲು ಹೊರಡುತ್ತಾರೆ. ನಾನು ಶುರು ಮಾಡುವುದು ಅಡುಗೆಮನೆಯಿಂದ. ತಿನ್ನುವುದೇನು ಅಂತ ಗೊತ್ತಾದರೆ ಪಾತ್ರೆ ಎಷ್ಟು, ಗ್ಯಾಸ್ ಎಷ್ಟು, ಬ್ಯಾಗು ಎಷ್ಟು ದೊಡ್ಡದು ಅನ್ನುವುದೂ ತೀರ್ಮಾನವಾಗುತ್ತದೆ.

ನಾನು ಮಧುಗಿರಿಯವನು. ನಮ್ಮ ಕಡೆ ಹುರಿಹಿಟ್ಟು ಹೊಸದೇನಲ್ಲ. ರಾಗಿಗೆ ನೀರು ಚಿಮುಕಿಸಿಟ್ಟು, ಕಾದ ಮರಳಲ್ಲಿ ಅರಳಿಸಿ, ಬೀಸಿದರೆ ಆಯಿತು. ಮತ್ತೆ ಬೇಯಿಸಬೇಕಿಲ್ಲ. ಇದರ ಬೆಲೆ ಗೊತ್ತಾಗುವುದು ಹಿಮಾಲಯದಲ್ಲಿ. ಪ್ರತಿ 300 ಮೀಟರ್ ಮೇಲೇರಿದರೆ ನೀರು ಹೆಚ್ಚುಕಡಿಮೆ 1 ಡಿಗ್ರಿ ಮೊದಲೇ ಕುದಿಯುತ್ತದೆ. 3,600 ಮೀಟರ್ ಎತ್ತರದಲ್ಲಿ ಸುಮಾರು 88 ಡಿಗ್ರಿಗೇ ಕುದಿ ಬರುತ್ತದೆ. ಅಲ್ಲಿ ಬೇಳೆ ಇಟ್ಟರೆ ಗ್ಯಾಸ್ ಮುಗಿಯುತ್ತದೆ, ಬೇಳೆ ಹಾಗೇ ಇರುತ್ತದೆ.

ಒಂದು ಹೊತ್ತಿಗೆ 80 ಗ್ರಾಂ ಹುರಿಹಿಟ್ಟು, 30 ಗ್ರಾಂ ಬೆಲ್ಲದ ಪುಡಿ, 25 ಗ್ರಾಂ ತಿಪಟೂರು ಕೊಬ್ಬರಿ ತುರಿ, ಒಂದಿಷ್ಟು ಹಾಲಿನ ಪುಡಿ, ಏಲಕ್ಕಿ. ಕೊಬ್ಬರಿ ರುಚಿಗೆ ಮಾತ್ರ ಅಲ್ಲ. ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲೊರಿ. ಪಿಷ್ಟ, ಸಕ್ಕರೆಯಲ್ಲಿ ಬರೀ 4. ಹೊರುವವರಿಗೆ ಈ ಲೆಕ್ಕ ಮುಖ್ಯ, ಅಲ್ವಾ? ಒಂದೊಂದು ಹೊತ್ತಿನದನ್ನೂ ಬೇರೆ ಬೇರೆ ಕವರಿಗೆ ಹಾಕುತ್ತೇನೆ. ನೀರು ಬೆರೆಸಿ ಕಲಸಿದರೆ ತಿಂಡಿ ರೆಡಿ.

ಮೂರು ಹೊತ್ತೂ ಸಿಹಿ ತಿಂದರೆ ನಾಲಿಗೆ ಮುಷ್ಕರ ಹೂಡುತ್ತದೆ. ಅದಕ್ಕೇ ಸಂಜೆಗೆ ಗೊಜ್ಜವಲಕ್ಕಿ. ಹುಣಸೆ ಗೊಜ್ಜನ್ನು ಎಣ್ಣೆ ಬಿಡುವ ತನಕ ಮನೆಯಲ್ಲೇ ಕಾಯಿಸಿಕೊಂಡು ಹೋಗುತ್ತೇನೆ. ಅಲ್ಲಿ ತರಿ ಅವಲಕ್ಕಿಗೆ ಬಿಸಿನೀರು ಹಾಕಿ ಕಲಸುವುದಷ್ಟೇ. ಹುರಿದ ಕಡ್ಲೆಬೀಜ ಜಾಸ್ತಿನೇ ಇರಲಿ.

ಹೀಗಾಗಿ ನನ್ನ ಅಡುಗೆ ಸಾಮಾನು ಅಂದರೆ ಮುಚ್ಚಳವಿರುವ 750 ಮಿಲಿ ಲೋಟ, ಚಮಚ, ಅಂಗೈಯಗಲದ ಗ್ಯಾಸ್ ಸ್ಟವ್. ಗ್ಯಾಸ್ ಡಬ್ಬಿಯನ್ನು ವಿಮಾನದಲ್ಲಿ ಬಿಡುವುದಿಲ್ಲ, ಚೆಕ್-ಇನ್ ಬ್ಯಾಗಿನಲ್ಲೂ ಇಲ್ಲ. ಇಳಿದ ಊರಲ್ಲೇ ಕೊಳ್ಳಬೇಕು. 45 ಲೀಟರ್ ಬ್ಯಾಗು ಧಾರಾಳವಾಗಿ ಸಾಕು. ಸ್ಲೀಪಿಂಗ್ ಬ್ಯಾಗ್ ಕೊಳ್ಳುವಾಗ 'ಕಂಫರ್ಟ್' ಅಂತ ಬರೆದ ಡಿಗ್ರಿ ನೋಡಿ. 'ಎಕ್ಸ್‌ಟ್ರೀಮ್' ಅನ್ನುವುದು ಜೀವ ಉಳಿಯುವ ಲೆಕ್ಕ, ನಿದ್ದೆಯದಲ್ಲ.

ನಮ್ಮ ಬಯಲುಸೀಮೆ ಬೆಟ್ಟಗಳ ಕಥೆ ಬೇರೆ. ಮಧುಗಿರಿ ಏಕಶಿಲೆ ಹತ್ತುವಾಗ ಭಾರ ಎಂದರೆ ನೀರೇ. ಮೂರು ಲೀಟರ್ ಅಂದರೆ ಮೂರು ಕೆಜಿ. ಒಣಹುಲ್ಲಿನ ಕಾಲದಲ್ಲಿ ಸ್ಟವ್ ಮನೆಯಲ್ಲೇ ಇರಲಿ. ಹುರಿಹಿಟ್ಟು, ಅವಲಕ್ಕಿಗೆ ತಣ್ಣೀರೂ ನಡೆಯುತ್ತದೆ. ದೂರದ ಚಾರಣಕ್ಕೆ ಮೊದಲು ನಾನು ಪೂರ್ತಿ ಬ್ಯಾಗು ಹೊತ್ತು ಇದೇ ಬಂಡೆ ಹತ್ತುತ್ತೇನೆ. ಭಾರದ ಸಾಮಾನು ಬೆನ್ನಿಗೆ ಅಂಟಿದಂತೆ, ಹೆಗಲಿನ ಸಮಕ್ಕೆ. ಸೊಂಟದ ಪಟ್ಟಿ ಬಿಗಿದ ಮೇಲೂ ಭಾರವೆಲ್ಲ ಹೆಗಲ ಮೇಲೇ ಕೂತರೆ ಪಟ್ಟಿ ಮತ್ತೆ ಹೊಂದಿಸುತ್ತೇನೆ. ಆಗಲೂ ಇಳಿಯದಿದ್ದರೆ ಆ ಬ್ಯಾಗಿನ ಅಳತೆ ನನ್ನ ಬೆನ್ನಿಗಲ್ಲ.