ಜಪಾನ್ ಶಿಬಿರಕ್ಕೆ ಹೊರಟ ಸಸ್ಯಾಹಾರಿ ಸ್ಕೌಟ್‌ಗೆ ಒಂದು ಚೀಟಿ

ಜಪಾನಿನ ಜಾಂಬೂರಿಗೆ ಹೊರಟ ಮಗು ಸಸ್ಯಾಹಾರಿಯಾಗಿದ್ದರೆ, ‘ಮಾಂಸ, ಮೀನು, ಮೀನಿನ ದಾಶಿ ತಿನ್ನುವುದಿಲ್ಲ’ ಎಂದು ಜಪಾನಿ ಲಿಪಿಯಲ್ಲಿ ಬರೆಸಿದ ಚೀಟಿಯನ್ನು ಸಮವಸ್ತ್ರದ ಜೇಬಿನಲ್ಲಿಡಿ. ದಾಶಿ ಎಂದರೆ ಜಪಾನಿ ಅಡುಗೆಗೆ ಮೂಲವಾದ ತಿಳಿಸಾರು. ಬರೀ ಸಸ್ಯಾಹಾರಿ ಎಂದರೆ ಸಾಲದು. ಮಿಸೊ ಸೂಪ್, ಉದೋನ್ ಎಂಬ ನೂಡಲ್ಸ್‌ನ ಸಾರು, ಬೇಯಿಸಿದ ತರಕಾರಿಗೂ ಸಾಮಾನ್ಯವಾಗಿ ಒಣಗಿಸಿದ ಬೊನಿಟೊ ಮೀನಿನಿಂದ ಇಳಿಸಿದ ದಾಶಿಯೇ ಆಧಾರ. ಮೀನಿನ ತುಂಡು ಕಾಣದ ಕಾರಣ ಬಡಿಸುವವರಿಗೂ ಅದು ಹೊಳೆಯದೆ ಹೋಗಬಹುದು. ಕೊಂಬು ಎಂಬ ಕಡಲಕಳೆಯಷ್ಟರಿಂದಲೇ ಮಾಡಿದ ದಾಶಿಯಾದರೆ ಧಾರಾಳವಾಗಿ ಕುಡಿಯಲಿ, ರುಚಿಯೂ ಚೆನ್ನಾಗಿರುತ್ತದೆ. ಆದರೆ ಎಲ್ಲರಿಗೂ ಒಂದೇ ಪಾತ್ರೆಯಲ್ಲಿ ಬೇಯಿಸುವ ತಂಡದ ಅಡುಗೆಯಲ್ಲಿ ಚೀಟಿ ಕೆಲಸಕ್ಕೆ ಬಾರದು. ನೋಂದಣಿಯ ಹೊತ್ತಿನಲ್ಲೇ ನಾಯಕರಿಗೆ ತಿಳಿಸಿರಬೇಕು. ಅಂಗಡಿಯ ಪೊಟ್ಟಣಗಳಲ್ಲಿ ಕಡ್ಡಾಯ ಅಲರ್ಜಿ ಪಟ್ಟಿಯನ್ನಷ್ಟೇ ನೋಡಬೇಡಿ, ಬೊನಿಟೊ ಅದರಲ್ಲಿ ಸೇರಿಲ್ಲ.