ಹನ್ನೊಂದು ಜನ, ಎರಡು ದೇಶ, ಒಂದು ಬಸ್ಸು: ಸಿಂಗಾಪುರದಿಂದ ಮಲಕ್ಕಾಗೆ ಹೋದ ದಿನ

ಸಿಂಗಾಪುರದಲ್ಲಿ ನಾಲ್ಕು ದಿನ, ಆಮೇಲೆ ಮಲೇಷ್ಯಾದಲ್ಲಿ ಐದು ದಿನ. ನಾನು, ನನ್ನ ಗಂಡ, ಇಬ್ಬರು ಮಕ್ಕಳು, ಅತ್ತೆ, ಮಾವ, ಮೈದುನ, ನನ್ನ ಅಮ್ಮ, ತಂಗಿ, ಅವಳ ಗಂಡ, ಅವರ ನಾಲ್ಕು ವರ್ಷದ ಮಗಳು. ಒಟ್ಟು ಹನ್ನೊಂದು ಜನ. ಏನೇನು ನೋಡಬೇಕು ಅಂತ ಮನೆಯಲ್ಲಿ ತಿಂಗಳುಗಟ್ಟಲೆ ಮಾತು ನಡೆದಿತ್ತು. ನನಗೆ ಚಿಂತೆ ಇದ್ದದ್ದು ನಡುವಿನ ಒಂದೇ ಒಂದು ದಿನದ್ದು. ಬಸ್ಸಿನಲ್ಲಿ ಗಡಿ ದಾಟಿ ಮಲೇಷ್ಯಾದ ಮಲಕ್ಕಾ ಊರಿಗೆ ಹೋಗುವ ದಿನ.

ಅದಕ್ಕೆ ಕಾರಣ ಇದೆ. ಹಿಂದಿನ ಒಂದು ಪ್ರವಾಸದಲ್ಲಿ ಎಲ್ಲರ ಪಾಸ್‌ಪೋರ್ಟನ್ನೂ ಒಂದೇ ಚೀಲದಲ್ಲಿ ಹಾಕಿ ನನ್ನ ಗಂಡನ ಕೈಯಲ್ಲಿ ಕೊಟ್ಟಿದ್ದೆವು. ಕಳೆದುಹೋಗಬಾರದು ಅಂತ. ಇಮಿಗ್ರೇಷನ್ ಹಾಲ್‌ನಲ್ಲಿ ಸಿಬ್ಬಂದಿ ಬಂದು ಮಾವನ ವಯಸ್ಸು ನೋಡಿ ಅವರನ್ನೂ ಜೊತೆಗಿದ್ದ ನನ್ನ ಗಂಡನನ್ನೂ ಬೇರೆ ಸಾಲಿಗೆ ಕಳಿಸಿದರು. ಚೀಲವೂ ಅವರ ಜೊತೆ ಹೋಯಿತು. ಉಳಿದವರು ಕೌಂಟರ್ ಮುಂದೆ ಬರಿಗೈಯಲ್ಲಿ ನಿಂತೆವು. ಸಾಲಿನಿಂದ ಹೊರಗೆ ಬಂದು, ಮತ್ತೆ ಕೊನೆಗೆ ಹೋಗಿ ನಿಲ್ಲಬೇಕಾಯಿತು. ಅಮ್ಮನ ಕಾಲು ಆವತ್ತು ತುಂಬಾ ನೋವಾಗಿತ್ತು. ಅದು ನನ್ನ ಮನಸ್ಸಿನಿಂದ ಹೋಗಿರಲಿಲ್ಲ.

ಈ ಸಲ ಹನ್ನೊಂದು ಜನರನ್ನು ಮೂರು ಗುಂಪು ಮಾಡಿದೆ. ನಾನು, ಅಮ್ಮ, ನನ್ನ ಏಳು ವರ್ಷದ ಮಗ ಒಂದು ಗುಂಪು. ನನ್ನ ಗಂಡ, ಅತ್ತೆ, ಮಾವ, ದೊಡ್ಡ ಮಗಳು ಇನ್ನೊಂದು. ತಂಗಿ, ಅವಳ ಗಂಡ, ಮಗು, ಮೈದುನ ಮೂರನೆಯದು. ಪ್ರತಿ ಗುಂಪಿಗೆ ಒಬ್ಬರು ಮುಖ್ಯಸ್ಥರು. ಆ ಗುಂಪಿನ ಪಾಸ್‌ಪೋರ್ಟ್, ಹೋಟೆಲ್ ವಿಳಾಸದ ಚೀಟಿ, ಸ್ವಲ್ಪ ರಿಂಗಿಟ್ (ಮಲೇಷ್ಯಾದ ದುಡ್ಡು), ಮಾತ್ರೆಗಳು ಅವರ ಹತ್ತಿರವೇ. ಯಾವ ಗುಂಪೂ ಇನ್ನೊಂದರ ಮೇಲೆ ಅವಲಂಬಿಸಬಾರದು ಅನ್ನೋದು ನನ್ನ ಲೆಕ್ಕ. ಕುಟುಂಬ ಅಂದರೆ ಎಲ್ಲರೂ ಒಟ್ಟಿಗೇ ನಡೆಯಬೇಕು ಅಂತ ಅತ್ತೆಗೆ ಮೊದಲು ಸ್ವಲ್ಪ ಬೇಜಾರಾಯಿತು. ಬಸ್ಸಲ್ಲಿ ಒಟ್ಟಿಗೇ ಇರ್ತೀವಿ, ಸಾಲಿನಲ್ಲಿ ಮಾತ್ರ ಬೇರೆ ಬೇರೆ ಅಂತ ಹೇಳಿದ ಮೇಲೆ ಒಪ್ಪಿದರು.

ಮಲೇಷ್ಯಾಗೆ ಹೋಗುವವರು ಡಿಜಿಟಲ್ ಅರೈವಲ್ ಕಾರ್ಡ್ ಅನ್ನೋ ಆನ್‌ಲೈನ್ ಫಾರಂ ತುಂಬಬೇಕು. ದುಡ್ಡು ಕೊಡಬೇಕಿಲ್ಲ. ಆದರೆ ತಲುಪುವುದಕ್ಕೆ ಮುಂಚಿನ ಮೂರು ದಿನದ ಒಳಗೆ ಮಾತ್ರ ತುಂಬಲು ಆಗೋದು. ಅಂದರೆ ಊರಿಂದ ಹೊರಡುವಾಗ ಮುಗಿಸಿಕೊಂಡು ಬರಲು ಆಗಲಿಲ್ಲ, ಪ್ರವಾಸದ ಮಧ್ಯೆ ಹೋಟೆಲ್ ರೂಮಿನಲ್ಲಿ ಕೂತು ಹನ್ನೊಂದು ಫಾರಂ ತುಂಬಿದೆವು. ಒಂದು ಸಂಜೆಯೇ ಅದಕ್ಕೆ ಹೋಯಿತು. ಒಬ್ಬರು ಓದುವುದು, ಇನ್ನೊಬ್ಬರು ಒತ್ತುವುದು. ಹೀಗೆ ಮಾಡಿದ್ದು ಒಳ್ಳೆಯದಾಯಿತು. ತಂಗಿ ಮೊದಲೇ ಒಬ್ಬಳೇ ತುಂಬಿಟ್ಟಿದ್ದ ಒಂದು ಫಾರಂನಲ್ಲಿ ಪಾಸ್‌ಪೋರ್ಟ್ ನಂಬರಿನ ಸೊನ್ನೆಯ ಜಾಗದಲ್ಲಿ ‘ಓ’ ಅಕ್ಷರ ಬಿದ್ದಿತ್ತು. ಅದನ್ನು ಬಿಟ್ಟು ಹೊಸದಾಗಿ ತುಂಬಿದೆವು. ಹೆಸರಿನ ವಿಷಯವೂ ಅಷ್ಟೇ. ನಮ್ಮಲ್ಲಿ ಎಷ್ಟೋ ಹಿರಿಯರ ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿನ ಜಾಗ ಖಾಲಿ ಇರುತ್ತದೆ, ಅಲ್ವಾ? ಅಮ್ಮನದೂ ಹಾಗೇ. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೇ ತುಂಬಿದೆ, ನಾನಾಗಿ ಏನೂ ಸೇರಿಸಲಿಲ್ಲ. ಕೊನೆಗೆ ಬಂದ ಕಾರ್ಡುಗಳನ್ನು ಫೋನಿನಲ್ಲಿ ಫೋಟೋ ಮಾಡಿಟ್ಟುಕೊಂಡೆವು. ಇಂಟರ್‌ನೆಟ್ ಇಲ್ಲದಿದ್ದರೂ ತೋರಿಸಬಹುದು.

ಹೊರಟದ್ದು ಮಂಗಳವಾರ ಬೆಳಿಗ್ಗೆ. ಇದನ್ನೂ ಬೇಕಂತಲೇ ಆರಿಸಿಕೊಂಡೆ. ಮಲೇಷ್ಯಾದ ಜೊಹೊರ್ ಬಾರುನಿಂದ ಸಾವಿರಾರು ಜನ ದಿನಾ ಬೆಳಿಗ್ಗೆ ಸಿಂಗಾಪುರಕ್ಕೆ ಕೆಲಸಕ್ಕೆ ಬರುತ್ತಾರೆ, ಸಂಜೆ ವಾಪಸ್ ಹೋಗುತ್ತಾರೆ. ನಾವು ಬೆಳಿಗ್ಗೆ ಎದುರು ದಿಕ್ಕಿನಲ್ಲಿ ಹೋದರೆ ರಶ್ ಕಡಿಮೆ. ಶುಕ್ರವಾರ ಸಂಜೆ, ಶನಿವಾರ, ಸಿಂಗಾಪುರದ ಶಾಲೆಗಳಿಗೆ ರಜೆ ಇರುವ ಜೂನ್ ಮತ್ತು ಡಿಸೆಂಬರ್‌ನಲ್ಲಿ ಇದೇ ದಾರಿ ಗಂಟೆಗಟ್ಟಲೆ ತೆಗೆದುಕೊಳ್ಳುತ್ತದೆ. ವಯಸ್ಸಾದವರನ್ನು ಕರೆದುಕೊಂಡು ಆ ಹೊತ್ತಿನಲ್ಲಿ ಖಂಡಿತ ಹೋಗಬೇಡಿ.

ಸಿಂಗಾಪುರದಲ್ಲಿ ಬೆಳಗಾಗುವುದೇ ಏಳು ಗಂಟೆಗೆ. ಆರೂಕಾಲಿಗೆ ಹೋಟೆಲ್ ಬಿಟ್ಟಾಗ ಇನ್ನೂ ಕತ್ತಲು. ಬಸ್ಸು ಹತ್ತುವ ಮುಂಚೆ ಅದರ ನಂಬರ್ ಪ್ಲೇಟಿನ ಫೋಟೋ ತೆಗೆದು ಮೂರೂ ಮುಖ್ಯಸ್ಥರು ಇಟ್ಟುಕೊಂಡೆವು. ಚೆಕ್‌ಪಾಯಿಂಟ್‌ನಲ್ಲಿ ಒಂದೇ ತರಹದ ಬಸ್ಸುಗಳು ಸಾಲಾಗಿ ನಿಂತಿರುತ್ತವೆ, ಬಣ್ಣ ನೆನಪಿಟ್ಟುಕೊಂಡರೆ ಸಾಲದು. ಗಡಿಯ ಕಟ್ಟಡಗಳ ಒಳಗೆ ಫೋಟೋ ತೆಗೆಯುವ ಹಾಗಿಲ್ಲ, ಅದಕ್ಕೇ ಮೊದಲೇ ತೆಗೆದದ್ದು.

ಮೊದಲು ಬರುವುದು ಸಿಂಗಾಪುರದ ಕಡೆಯ ವುಡ್‌ಲ್ಯಾಂಡ್ಸ್ ಚೆಕ್‌ಪಾಯಿಂಟ್. ಇಲ್ಲಿ ಸೂಟ್‌ಕೇಸ್ ಬಸ್ಸಿನಲ್ಲೇ ಬಿಟ್ಟು, ಪಾಸ್‌ಪೋರ್ಟ್ ಹಿಡಿದು ಇಳಿದೆವು. ಬೇಗ ಮುಗಿಯಿತು. ಮತ್ತೆ ಬಸ್ಸು ಹತ್ತಿದರೆ ಎದುರಿಗೇ ಕಾಸ್‌ವೇ. ಸಮುದ್ರಕ್ಕೆ ಅಡ್ಡಲಾಗಿ ಹಾಕಿದ, ಸುಮಾರು ಒಂದು ಕಿಲೋಮೀಟರ್ ಉದ್ದದ ದಾರಿ. 1924ರಲ್ಲಿ ಉದ್ಘಾಟನೆ ಆದದ್ದು. ರಸ್ತೆ, ರೈಲು ಹಳಿ, ನೀರಿನ ಪೈಪು ಮೂರೂ ಅದರ ಮೇಲೇ ಹೋಗುತ್ತವೆ. ಮಾವ ನೀರಾವರಿ ಇಲಾಖೆಯಲ್ಲಿ ಇದ್ದವರು. ಆ ದಪ್ಪ ಪೈಪುಗಳನ್ನು ನೋಡಿ, ಒಂದು ದೇಶ ಇನ್ನೊಂದು ದೇಶದಿಂದ ನೀರು ತರಿಸಿಕೊಳ್ಳುವುದನ್ನು ಮೊಮ್ಮಗಳಿಗೆ ವಿವರಿಸುತ್ತಾ ಕೂತರು. ಅವಳೂ ಫೋನ್ ಬದಿಗಿಟ್ಟು ಕೇಳಿದಳು. ಇಡೀ ಪ್ರವಾಸದಲ್ಲಿ ನನಗೆ ತುಂಬಾ ಇಷ್ಟವಾದ ಹತ್ತು ನಿಮಿಷ ಅದು.

ಅಷ್ಟರಲ್ಲಿ ಫೋನುಗಳ ನೆಟ್‌ವರ್ಕ್ ಹೋಯಿತು. ಸಿಂಗಾಪುರದಲ್ಲಿ ತೆಗೆದುಕೊಂಡ ಸಿಮ್ ಅಲ್ಲಿಗೇ ಮುಗಿಯಿತು. ವಾಟ್ಸ್ಆ್ಯಪ್ ಗ್ರೂಪ್ ಇದೆಯಲ್ಲ ಅಂತ ಎಲ್ಲರೂ ನಿಶ್ಚಿಂತೆಯಿಂದ ಇರುತ್ತಾರೆ. ಅದು ಕೆಲಸ ಮಾಡದೇ ಇರುವುದು ಸರಿಯಾಗಿ ಇಲ್ಲೇ, ಜನ ಚದುರಿಹೋಗುವ ಜಾಗದಲ್ಲೇ. ಇದಕ್ಕೆ ಮುಂಚೆಯೇ ಒಂದು ಮಾತು ಮಾಡಿಕೊಂಡಿದ್ದೆವು. ಯಾರೂ ಯಾರನ್ನೂ ಹುಡುಕಿಕೊಂಡು ವಾಪಸ್ ಹೋಗಬಾರದು. ಕೆಲಸ ಮುಗಿದ ಗುಂಪು ನೇರವಾಗಿ ಬಸ್ಸಿನ ಹತ್ತಿರ ಹೋಗಿ, ಇನ್ನೂ ಇಷ್ಟು ಜನ ಬರಬೇಕು ಅಂತ ಡ್ರೈವರ್‌ಗೆ ಹೇಳಿ ಅಲ್ಲೇ ನಿಲ್ಲಬೇಕು.

ಮಲೇಷ್ಯಾದ ಇಮಿಗ್ರೇಷನ್ ಇರುವುದು ಜೊಹೊರ್ ಬಾರುನ ಸುಲ್ತಾನ್ ಇಸ್ಕಂದರ್ ಕಟ್ಟಡದಲ್ಲಿ. ಇಲ್ಲಿ ಎಲ್ಲ ಸಾಮಾನನ್ನೂ ಇಳಿಸಿಕೊಂಡೇ ಹೋಗಬೇಕು, ಸ್ಕ್ಯಾನ್ ಮಾಡುತ್ತಾರೆ. ಇಲ್ಲೇ ನಿಜವಾದ ಶ್ರಮ. ಎಸ್ಕಲೇಟರ್, ಉದ್ದ ನಡಿಗೆ, ಸಾಲು. ಅಮ್ಮನ ಬೆರಳಚ್ಚು ಮೆಷಿನ್ನಿಗೆ ಸಿಗಲೇ ಇಲ್ಲ. ಒಂದು ಸಲ, ಎರಡು ಸಲ, ಮೂರು ಸಲ. “ಕೆಲಸ ಮಾಡೀ ಮಾಡೀ ಬೆರಳು ಸವೆದುಹೋಗಿದೆ ಕಣೇ” ಅಂದಳು ಅಮ್ಮ. ಮುಖ ಸಣ್ಣಗಾಗಿತ್ತು. ನಾನು ಪಕ್ಕದಲ್ಲೇ ಇದ್ದೆ. ಕೈಗೆ ಹಚ್ಚುವ ಕ್ರೀಮ್ ಸ್ವಲ್ಪ ಸವರಿ, ಒರೆಸಿ, ಗಟ್ಟಿಯಾಗಿ ಒತ್ತಲು ಹೇಳಿದೆ. ಆಗ ಸಿಕ್ಕಿತು. ಅಧಿಕಾರಿ ಎಷ್ಟು ದಿನ, ಎಲ್ಲಿ ಉಳಿಯುವುದು ಅಂತ ಕೇಳಿದರು. ಭಾಷೆ ಬಾರದ ಅಮ್ಮ ಹೋಟೆಲ್ ಚೀಟಿ ಮುಂದೆ ಇಟ್ಟಳು. ಅಷ್ಟಕ್ಕೇ ಮುದ್ರೆ ಬಿತ್ತು.

ಹೊರಗೆ ಬಂದಾಗ ನನ್ನ ಗಂಡನ ಗುಂಪು ಬಸ್ಸಿನ ಬಾಗಿಲಲ್ಲೇ ಇತ್ತು. ತಂಗಿಯ ಗುಂಪು ಇಲ್ಲ. ಮಗುವಿಗೆ ಅವಸರ ಆಗಿ ಶೌಚಾಲಯಕ್ಕೆ ಹೋಗಿದ್ದರಂತೆ. ಬಸ್ಸಿನವರು ಇಷ್ಟೇ ಹೊತ್ತು ಕಾಯುತ್ತೇವೆ ಅಂತ ಮೊದಲೇ ಹೇಳಿದ್ದರು, ಆ ಹೊತ್ತು ಮೀರಿತ್ತು. ಡ್ರೈವರ್ ಗಡಿಯಾರ ನೋಡುತ್ತಿದ್ದರು. ನಾಲ್ಕು ಜನ, ಒಂದು ಚಿಕ್ಕ ಮಗು ಇದೆ ಅಂತ ನನ್ನ ಗಂಡ ಮೊದಲೇ ಬೆರಳಲ್ಲಿ ತೋರಿಸಿ ಹೇಳಿದ್ದರಿಂದ ನಿಂತರು. ಹನ್ನೊಂದು ಜನವೂ ಒಬ್ಬರಿಗಾಗಿ ಒಬ್ಬರು ಒಳಗೇ ಕಾಯುತ್ತಾ ನಿಂತಿದ್ದರೆ ಬಸ್ಸು ಖಂಡಿತ ಹೋಗಿರುತ್ತಿತ್ತು. ಮೈದುನ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಓಡಿ ಬಂದ.

ಆಮೇಲಿನದು ಸುಲಭ. ಹೆದ್ದಾರಿ, ಎರಡೂ ಕಡೆ ಮುಗಿಯದ ತಾಳೆ ಎಣ್ಣೆ ತೋಟ. ಎಲ್ಲರೂ ನಿದ್ದೆ. ಮಧ್ಯಾಹ್ನ ಮಲಕ್ಕಾ ಸೆಂಟ್ರಲ್ ಬಸ್ ನಿಲ್ದಾಣ.

ಆವತ್ತು ನಾನು ಇನ್ನೇನೂ ಇಟ್ಟುಕೊಂಡಿರಲಿಲ್ಲ. ಟಿಕೆಟ್ ಇಲ್ಲ, ಹೊತ್ತಿನ ಬುಕಿಂಗ್ ಇಲ್ಲ. ಅರ್ಧ ದಿನ ಸುಮ್ನೆ ಹೋಗುತ್ತಲ್ಲ ಅಂತ ತಂಗಿ ಮೊದಲು ವಾದ ಮಾಡಿದ್ದಳು. ಅತ್ತೆ ರೂಮಿಗೆ ಹೋದವರೇ ಮಲಗಿದರು. ಐದೂವರೆಗೆ ಎದ್ದು, ನದಿ ದಂಡೆಯವರೆಗೆ ನಡೆಯೋಣ್ವಾ ಅಂತ ಅವರೇ ಕೇಳಿದರು.

ಮುಂದಿನ ಸಲಕ್ಕೆ ಒಂದು ಬದಲಾವಣೆ ಬರೆದಿಟ್ಟುಕೊಂಡಿದ್ದೇನೆ. ಗಡಿ ದಾಟಲು ಅನುಮತಿ ಇರುವ ಕಾರು ಮಾಡಿಕೊಂಡರೆ ಕೂತಲ್ಲಿಂದಲೇ ಪಾಸ್‌ಪೋರ್ಟ್ ಕೊಡಬಹುದು. ಮೂವರು ಹಿರಿಯರನ್ನೂ ಜೊತೆಗೆ ಒಬ್ಬರನ್ನೂ ಅದರಲ್ಲಿ ಕಳಿಸಿ, ಉಳಿದವರು ಬಸ್ಸಿನಲ್ಲಿ ಹೋಗುವುದು. ಸಾಮಾನು ಎಳೆದುಕೊಂಡು ಆ ಹಾಲ್ ದಾಟುವುದು ಅವರಿಗೆ ಜಾಸ್ತಿಯೇ ಆಯಿತು.