ಹುಣಸೆ ಬೀಜ ಇಟ್ಟು ಐದು ಥರದ ಪೋಕರ್

ಮಳೆಗಾಲದಲ್ಲಿ ಶಿರಸಿ ಕಡೆ ಕರೆಂಟು ಹೋಯಿತೆಂದರೆ ಜಗಲಿಯಲ್ಲಿ ಕಂಬಳಿ ಹಾಸಿ ಇಸ್ಪೀಟು ತೆಗೆಯುತ್ತಾರೆ. ಇಪ್ಪತ್ತೆಂಟು, ರಮ್ಮಿ ಎಲ್ಲರಿಗೂ ಬರುತ್ತದೆ. ರಜೆಗೆಂದು ಊರಿಗೆ ಬರುವ ನಮ್ಮ ಮನೆ ಹುಡುಗರು ಈಗ ಪೋಕರ್ ಕಲಿಸಿದ್ದಾರೆ. ಅದೂ ಒಂದೇ ಥರ ಅಲ್ಲ, ‘ಹಾರ್ಸ್’ ಎಂಬ ಮಿಕ್ಸೆಡ್ ಗೇಮ್. ಹೋಲ್ಡೆಮ್, ಒಮಾಹಾ ಹೈ-ಲೋ, ರಾಝ್, ಸ್ಟಡ್, ಸ್ಟಡ್ ಏಯ್ಟ್ ಆರ್ ಬೆಟರ್: ಐದು ಆಟ ಸರದಿ ಮೇಲೆ. ಲಾಸ್ ವೇಗಾಸ್‌ನ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನಲ್ಲಿ 2006ರಲ್ಲಿ ಇದಕ್ಕೆ 50,000 ಡಾಲರ್ ಪ್ರವೇಶ ಶುಲ್ಕದ ಪಂದ್ಯ ಇಟ್ಟರು. ಆ ವರ್ಷ ಗೆದ್ದವರು ಚಿಪ್ ರೀಸ್. ನಮಗೆ ಹುಣಸೆ ಬೀಜ ಸಾಕು.

ಮೊದಲು ಸಾಮಾನು. ಹುಣಸೆ ಬೀಜಕ್ಕೆ ಒಂದು, ಚಾಲಿ ಅಡಿಕೆಗೆ ಹತ್ತು ಅಂತ ಲೆಕ್ಕ ಇಟ್ಟುಕೊಳ್ಳಿ. ಹುರಿದ ಗೇರುಬೀಜ ಬೇಡ, ಎರಡು ಸುತ್ತಿಗೆ ಬ್ಯಾಂಕೇ ಖಾಲಿಯಾಗುತ್ತದೆ. ಕಾಗದದ ಎಲೆ ಆಷಾಢದ ಥಂಡಿಗೆ ಹಪ್ಪಳದ ಹಾಗೆ ಬಾಗುತ್ತದೆ, ಪ್ಲಾಸ್ಟಿಕ್ಕಿನದ್ದೇ ತನ್ನಿ. ಚಿನ್ನದ ಬಣ್ಣದ್ದಂತೂ ಖಂಡಿತಾ ಬೇಡ. ಲಾಟೀನಿನ ಬೆಳಕಿಗೆ ಆಟೀನೋ ಡೈಮಂಡೋ ತಿಳಿಯುವುದಿಲ್ಲ. ಮೊಬೈಲಿನಲ್ಲಿ ದುಡ್ಡು ಕಟ್ಟಿ ಕಲಿಯುತ್ತೇನೆ ಅನ್ನಬೇಡಿ, ಅಂಥ ಆನ್‌ಲೈನ್ ಆಟ ನಿಷೇಧಿಸುವ ಕೇಂದ್ರದ ಕಾಯಿದೆ 2025ರ ಆಗಸ್ಟಿನಲ್ಲೇ ಬಂದಿದೆ. ಏಳು ಜನಕ್ಕಿಂತ ಜಾಸ್ತಿ ಕೂರಬೇಡಿ. ಸ್ಟಡ್‌ನಲ್ಲಿ ತಲೆಗೆ ಏಳು ಎಲೆ, ಎಂಟು ಜನರಾದರೆ 56 ಬೇಕು, ಕಟ್ಟಿನಲ್ಲಿರುವುದು 52. ನನ್ನನ್ನು ಕೇಳಿದರೆ ಐದು ಜನ ಸರಿ.

ಎಲ್ಲ ಆಟಕ್ಕೂ ಪಣ ನಿಗದಿ. ಮೊದಲ ಸುತ್ತುಗಳಲ್ಲಿ ಎರಡು ಬೀಜ, ಆಮೇಲಿನ ಸುತ್ತುಗಳಲ್ಲಿ ನಾಲ್ಕು. ಇದ್ದಬದ್ದದ್ದನ್ನೆಲ್ಲ ಮಧ್ಯಕ್ಕೆ ತಳ್ಳುವ ಸಿನಿಮಾ ವೀರತನ ಇಲ್ಲಿ ನಡೆಯುವುದಿಲ್ಲ.

ಹೋಲ್ಡೆಮ್ ಸುಲಭ: ಕೈಯಲ್ಲಿ ಎರಡು ಎಲೆ, ಮಧ್ಯದಲ್ಲಿ ಎಲ್ಲರಿಗೂ ಸೇರಿದ ಐದು, ಈ ಏಳರಲ್ಲಿ ಚೆನ್ನಾಗಿರುವ ಐದು.

ಗಲಾಟೆ ಶುರುವಾಗುವುದು ಒಮಾಹಾದಲ್ಲಿ. ಕೈಗೆ ನಾಲ್ಕು ಎಲೆ ಬರುತ್ತದೆ. ಕೈಯಿಂದ ಎರಡೇ, ಮಧ್ಯದಿಂದ ಮೂರೇ ಬಳಸಬೇಕು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಹೋದ ಸಲ ಮಧ್ಯದಲ್ಲಿ ನಾಲ್ಕು ಆಟೀನ್ ಬಿದ್ದಿತ್ತು. ಭಾವನ ಕೈಯಲ್ಲಿ ಆಟೀನ್ ಎಕ್ಕ. ಒಂದೇ ಜಾತಿಯ ಐದು ಎಲೆ ಸೇರಿದರೆ ಫ್ಲಶ್. ‘ಫ್ಲಶ್ಶು, ಆನು ಗೆದ್ದಿ!’ ಅಂತ ಎರಡೂ ಕೈಯಲ್ಲಿ ಬೀಜ ಬಾಚಿಕೊಂಡ. ಉಳಿದ ಮೂರು ಎಲೆ ತೋರಿಸು ಭಾವ ಅಂದೆ. ಕಳಾವರ್, ಕಳಾವರ್, ಇಸ್ಪೀಟು. ಕೈಯಲ್ಲಿ ಎರಡು ಆಟೀನ್ ಇಲ್ಲದಿದ್ದರೆ ಅದು ಫ್ಲಶ್ ಅಲ್ಲ. ಹೋಲ್ಡೆಮ್ ಆಗಿದ್ದರೆ ಗೆಲ್ಲುತ್ತಿದ್ದ, ಪಾಪ.

ಇನ್ನು ಹೈ-ಲೋ. ಅರ್ಧ ಪಾಲು ದೊಡ್ಡ ಕೈಗೆ, ಅರ್ಧ ಸಣ್ಣ ಕೈಗೆ. ಸಣ್ಣ ಕೈ ಆಗಬೇಕಾದರೆ ಎಂಟು ಅಥವಾ ಅದಕ್ಕಿಂತ ಕೆಳಗಿನ ಐದು ಬೇರೆಬೇರೆ ಎಲೆ ಬೇಕು. ಎಕ್ಕ ಇಲ್ಲಿ ಎಲ್ಲಕ್ಕಿಂತ ಸಣ್ಣದು. ಓದುವಾಗ ಮೇಲಿನಿಂದ ಓದಿ. ಮಧ್ಯದಲ್ಲಿ 3, 7, 8, ರಾಜ ಇದೆ ಅನ್ನಿ. ನಿಮ್ಮ ಕೈಯಲ್ಲಿ ಎಕ್ಕ ಮತ್ತು 2. ಸಣ್ಣ ಕೈ 8-7-3-2-ಎಕ್ಕ, ಇದಕ್ಕಿಂತ ಸಣ್ಣದು ಸದ್ಯಕ್ಕೆ ಯಾರ ಹತ್ತಿರವೂ ಇರಲು ಸಾಧ್ಯವಿಲ್ಲ. ಕೊನೆಯ ಎಲೆಯಾಗಿ ಮಧ್ಯಕ್ಕೆ ಇನ್ನೊಂದು 2 ಬಿತ್ತು. ನಿಮ್ಮ ಕೈ ಇದ್ದಲ್ಲೇ ಇದೆ. ಆದರೆ ಎಕ್ಕ ಮತ್ತು 4 ಹಿಡಿದವನಿಗೆ ಈಗ 7-4-3-2-ಎಕ್ಕ. ಏಳು ಎಂಟಕ್ಕಿಂತ ಸಣ್ಣದು, ಅವನು ಗೆದ್ದ. ಇದನ್ನು ನೋಡದೆ ಬೀಜ ಸುರಿಯುವವರೇ ಜಾಸ್ತಿ.

ಬರೀ ಸಣ್ಣ ಕೈ ನಂಬಿ ಪಣ ಏರಿಸುವುದೂ ಪೆದ್ದುತನವೇ. ಮೂವರು ತಲಾ 40 ಹಾಕಿದರೆ 120. ಸಣ್ಣ ಪಾಲು 60. ಅಂಥದ್ದೇ ಕೈ ಇನ್ನೊಬ್ಬನಲ್ಲೂ ಇದ್ದರೆ ನಿಮಗೆ 30. ಗೆದ್ದೂ ಹತ್ತು ಬೀಜ ಕಳೆದುಕೊಂಡಿರಿ. ಎರಡೂ ಕಡೆ ಗೆಲ್ಲಬಲ್ಲ ಎಲೆ ಬಂದಾಗ ಮಾತ್ರ ಆಡಿ.

ರಾಝ್ ಮತ್ತು ಎರಡು ಸ್ಟಡ್‌ಗಳಲ್ಲಿ ಮಧ್ಯದ ಎಲೆ ಇಲ್ಲ. ಮೊದಲು ಎರಡು ಮುಚ್ಚಿ ಒಂದು ತೆರೆದು, ಆಮೇಲೆ ಒಂದೊಂದಾಗಿ ಮೂರು ತೆರೆದು, ಕೊನೆಯದು ಮುಚ್ಚಿ. ಹಂಚುವ ಮೊದಲೇ ಎಲ್ಲರೂ ಒಂದೊಂದು ಬೀಜ ಹಾಕಿರಬೇಕು. ರಾಝ್‌ನಲ್ಲಿ ಸಣ್ಣ ಕೈಗೇ ಪೂರ್ತಿ ಬೀಜ. ಸೀಕ್ವೆನ್ಸ್, ಫ್ಲಶ್ ಲೆಕ್ಕಕ್ಕಿಲ್ಲ, ಆದ್ದರಿಂದ 5-4-3-2-ಎಕ್ಕವೇ ಎಲ್ಲಕ್ಕಿಂತ ಒಳ್ಳೆಯದು. ರಾಝ್‌ನಲ್ಲಿ ತೆರೆದ ಎಲೆ ಅತಿ ದೊಡ್ಡದಾಗಿರುವವನು ಮೊದಲ ಪಣ ಹಾಕಬೇಕು, ಸ್ಟಡ್‌ನಲ್ಲಿ ಅತಿ ಸಣ್ಣದಾಗಿರುವವನು. ಎಲೆ ಮಡಿಸಿ ಆ ಕೈ ಬಿಟ್ಟವರ ತೆರೆದ ಎಲೆ ನೆನಪಿಡಿ. ನಿಮಗೆ ಬೇಕಾದ ನಾಲ್ಕುಗಳಲ್ಲಿ ಮೂರು ಆಗಲೇ ಹೋಗಿದ್ದರೆ ಸುಮ್ನೆ ಕಾಯಬೇಡಿ.

ಆಟ ಬದಲಾದದ್ದೇ ಮರೆತುಹೋಗುವುದೂ ಇದೆ. ರಾಝ್ ಮುಗಿದಿದೆ, ಸ್ಟಡ್ ನಡೀತಿದೆ, ಅತ್ತೆ ಮಾತ್ರ ಸಣ್ಣ ಎಲೆ ಕೂಡಿಡುತ್ತಲೇ ಇದ್ದರು. ಕಂಬಳಿ ಪಕ್ಕ ಮಕ್ಕಳ ಪಾಟಿ ಇಡಿ, ನಡೆಯುತ್ತಿರುವ ಆಟದ ಹೆಸರು ಬರೆಯಿರಿ. ಒಂದೊಂದು ಆಟಕ್ಕೂ ಹಂಚುವ ಸರದಿ ಒಂದು ಸುತ್ತು ಬರಲಿ, ಆಮೇಲೆ ಅಳಿಸಿ.

ಸ್ಟಡ್ ಏಯ್ಟ್‌ನಲ್ಲಿ ಹಂಚುವುದು ಸ್ಟಡ್‌ನ ಹಾಗೆ, ಪಾಲು ಒಮಾಹಾದ ಹಾಗೆ. ಸಣ್ಣ ಕೈ ಯಾರಿಗೂ ಆಗದಿದ್ದರೆ ಪೂರ್ತಿ ದೊಡ್ಡ ಕೈಗೆ. ಪಾಲು ಮಾಡುವಾಗ ಒಂಟಿ ಹುಣಸೆ ಬೀಜ ಉಳಿದರೆ ಅದೂ ದೊಡ್ಡ ಕೈಯವರದ್ದೇ.